ಸ್ಟಿಡಮ್ ಮೇಡಂ ಸೀಟಿನ ಜಾಕೆಟ್

ಅಮೆರಿಕದ ಕೆಂಟಕಿ ಬೆಟ್ಟದ ನಮ್ಮೂರಿನ ಮಕ್ಕಳು ಹೈಸ್ಕೂಲಿನಲ್ಲಿರುವಾಗಲೇ ಕಾಲೇಜಿನ ಕೆಲವು ವಿಷಯಗಳನ್ನೂ ಪಾಸು ಮಾಡಿಕೊಳ್ಳಲೆಂದು ಅವರನ್ನು ವ್ಯಾನಿನಲ್ಲಿ ಕರೆದೊಯ್ಯುವವರು ಸ್ಟಿಡಮ್ ಮೇಡಂ. ದಾರಿಯುದ್ದಕ್ಕೂ ಕರಿದ ಸೇಬಿನ ಕಡುಬು ತಿನ್ನಿಸುತ್ತ, "ಅಲ್ಲಿ ಟಾಯ್ಲೆಟ್ಟಿಗೆ ಹೋಗೋಕೂ ಕೈ ಎತ್ತಿ ಪರ್ಮಿಷನ್ ಕೇಳ್ಬೇಡ್ರೋ, ಮಾನ ಹೋಗತ್ತೆ!" ಎಂದು ಗದರುತ್ತಾರೆ. ಮೊದಲೆಲ್ಲ ಕಾಲೇಜಿನ ಬಾಗಿಲಲ್ಲಿ ಶಾಲೆಯ ಹೆಸರಿದ್ದ ಜಾಕೆಟ್‌ಗಳನ್ನೂ ಬಿಚ್ಚಿಸಿ ವ್ಯಾನಿನಲ್ಲಿಡುತ್ತಿದ್ದರು, "ಹೈಸ್ಕೂಲವ್ರು ಅಂತ ಗೊತ್ತಾದ್ರೆ ನಗ್ತಾರೆ." ಈಗ ಯಾರಾದರೂ "ಬಿಚ್ಚಲಾ ಮೇಡಂ?" ಎಂದರೆ ತಾವೇ ಜಿಪ್ಪನ್ನು ಅವರ ಕತ್ತಿನವರೆಗೆ ಎಳೆಯುತ್ತಾರೆ. ಅವರ ಸೀಟಿನ ಬೆನ್ನಿಗೆ ಇಂದಿಗೂ ಡೆಲ್ಮರ್‌ನ ಜಾಕೆಟ್ ತೂಗುತ್ತಿದೆ. ಮೊದಲ ಪಾಠವೇ ತಲೆಗೆ ಹತ್ತದೆ ಕಾಲೇಜಿನ ಹಿಂಬಾಗಿಲಿಂದ ಹೊರಬಿದ್ದ ಆ ಹುಡುಗ, ವ್ಯಾನಿನಲ್ಲಿದ್ದ ಜಾಕೆಟ್ ಕೇಳಲು ನಾಚಿ, ಹಿಮದಲ್ಲಿ ಬರೀ ಅಂಗಿಯಲ್ಲೇ ಮನೆಗೆ ನಡೆದುಹೋದ; ಮತ್ತೆ ಶಾಲೆಗೂ ಬರಲಿಲ್ಲ.