ಎತ್ತು ಎಳೆದು ತಂದ ಟ್ರ್ಯಾಕ್ಟರುಗಳು

ಮೊಮ್ಮಗಳು ಹುಟ್ಟಿದ್ದಾಳೆ! ಇವತ್ತು ಬೆಳಿಗ್ಗೆ, ವಿದ್ಯಾನಗರದ ಆಸ್ಪತ್ರೆಯಲ್ಲಿ. ಕೂಸಿನ ಕೂಗು ಬಾಗಿಲಾಚೆಗೂ ಕೇಳಿತು. ಇಂಜಿನ್ ಅಂದರೆ ಹೀಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕು ನೋಡಿ. ನಾನು ಐದನೇ ಇಯತ್ತೆಗೇ ಸಾಲಿ ಬಿಟ್ಟವನು, ಬರೆದು ರೂಢಿಯಿಲ್ಲ. ಆದರೆ ಈ ಸಂತೋಷ ಒಳಗೆ ನಿಲ್ಲುತ್ತಿಲ್ಲ. ಸೊಸೆಯ ತಂದೆ ಚನ್ನಬಸಪ್ಪ ನನಗೆ ಬೀಗರಾದದ್ದು ಒಂದು ಸೇಡಿನಿಂದ. ಅದನ್ನು ಹೇಳಲೇಬೇಕು.

ತೊಂಬತ್ತರ ದಶಕದಲ್ಲಿ ನಾನು ಹುಬ್ಬಳ್ಳಿಯ ಟ್ರ್ಯಾಕ್ಟರ್ ಡೀಲರೊಬ್ಬರ ಹತ್ತಿರ ಫೀಲ್ಡ್ ಮೆಕ್ಯಾನಿಕ್ ಆಗಿದ್ದೆ. ಟ್ರ್ಯಾಕ್ಟರ್ ಎಲ್ಲಿ ನಿಂತಿತೋ ಆ ಹೊಲಕ್ಕೇ ಹೋಗಿ ರಿಪೇರಿ ಮಾಡುವವನು. ಆಗ ಊರಲ್ಲಿ ಬೇರೆ ಬೇರೆ ಡೀಲರುಗಳಿದ್ದರು. ನಾನು ತಡ ಮಾಡಿದರೆ ರೈತ ಪಕ್ಕದ ಅಂಗಡಿ ಹಿಡಿಯುತ್ತಾನೆಂಬ ಭಯಕ್ಕೆ ಮಾಲೀಕರೇ ನನ್ನನ್ನು ಓಡಿಸುತ್ತಿದ್ದರು. ಎರಡು ಸಾವಿರದ ಇಸವಿ ದಾಟುತ್ತಿದ್ದಂತೆ ಒಬ್ಬ ಸಾವ್ಕಾರ ಆ ಅಂಗಡಿಗಳನ್ನೆಲ್ಲ ಒಂದೊಂದಾಗಿ ಕೊಂಡು, ಬಾಗಿಲು ಮುಚ್ಚಿ, ತಾರಿಹಾಳದಲ್ಲಿ ಒಂದೇ ದೊಡ್ಡ ಶೋರೂಮ್ ತೆರೆದ. ಬಿಡಿಭಾಗವೂ ಅಲ್ಲೇ, ರಿಪೇರಿಯೂ ಅಲ್ಲೇ. ನಾವು ಮೆಕ್ಯಾನಿಕರೂ ಅವನ ಕೈಕೆಳಗೇ. ಹೊಲಕ್ಕೆ ಹೋಗುವುದು ಬಂದ್.

ಹಿಂಗಾರಿ ಬಿತ್ತನೆಯ ಹೊತ್ತಿಗೆ ಚನ್ನಬಸಪ್ಪನವರ ಟ್ರ್ಯಾಕ್ಟರಿನ ಕ್ಲಚ್ ಪ್ಲೇಟ್ ಸುಟ್ಟಿತು. ಕ್ಲಚ್ ಹೋದರೆ ಇಂಜಿನ್ ಗುರ್ ಎಂದರೂ ಗಾಲಿ ಕದಲುವುದಿಲ್ಲ. ಎರೆ ಹೊಲದ ಹಸಿ ಆರುವುದರೊಳಗೆ ಕಡಲೆ ಬಿತ್ತದಿದ್ದರೆ ಆ ವರ್ಷದ ಬೆಳೆಯೇ ಇಲ್ಲ.

"ಯಾರನ್ನಾರ ಕಳಸ್ರಿ ಸಾವ್ಕಾರ್ರ," ಎಂದು ಅವರು ಶೋರೂಮಿಗೆ ಬಂದು ಕೈಮುಗಿದರು.

"ಟ್ರ್ಯಾಕ್ಟರ್ ಇಲ್ಲಿಗೆ ತರ್ರಿ."

"ಅದು ಮಿಸುಗವಲ್ದ್ರಿ!"

"ತರೂದು ನಿಮ್ಮ ಕೆಲಸ. ಇಲ್ಲಾ, ಬ್ಯಾರೆ ಅಂಗಡಿಗೆ ಹೋಗ್ರಿ. ಎಲ್ಲಿ ಐತಿ ಹುಡುಕ್ರಿ," ಎಂದು ಸಾವ್ಕಾರ ನಕ್ಕ.

ಆ ನಗು ನನ್ನ ಎದೆಗೆ ನಟ್ಟಿತು. ಗೇಟಿನ ಹೊರಗೆ ಅವರನ್ನು ನಿಲ್ಲಿಸಿದೆ. "ಚನ್ನಬಸಪ್ಪಣ್ಣಾರ, ತರ್ರಿ ಅಂದಾರಲ್ಲ, ತರ್ರಿ. ನಾಳೆ ದಸರಾ. ಹೊಸಾ ಗಾಡಿ ಕೊಡೂ ದಿನಾ, ಕಂಪನಿ ಸಾಹೇಬ್ರೂ ಬರ್ತಾರ. ಕೆಟ್ಟು ನಿಂತಿದ್ದು ನಿಮ್ದೊಂದ ಅಲ್ಲ. ಎಲ್ಲಾರನ್ನೂ ಕರಕೊಂಡ ಬರ್ರಿ."

"ಎತ್ತ ಹೂಡಿ?"

"ಹಾರಾ ಹಾಕಿ!"

ಮರುದಿನ ಶಾಮಿಯಾನದಲ್ಲಿ ಪೂಜೆ ನಡೆದಿತ್ತು. ಗೆಜ್ಜೆ ಸದ್ದು ಕೇಳಿತು. ರಸ್ತೆಯುದ್ದಕ್ಕೂ ಎತ್ತುಗಳು, ಹಿಂದೆ ಹಗ್ಗ ಕಟ್ಟಿದ ಟ್ರ್ಯಾಕ್ಟರುಗಳು, ಒಂದೊಂದರ ಮೂತಿಗೂ ಚೆಂಡುಹೂವಿನ ಹಾರ.

"ತಂದೇವ್ರಿ ಸಾವ್ಕಾರ್ರ!" ಎಂದು ಚನ್ನಬಸಪ್ಪ ಕೂಗಿದರು.

ಹೊಸ ಗಾಡಿಯ ಕೀಲಿಗೆ ಕೈ ಚಾಚಿದ್ದ ರೈತ ಬೆರಗಾಗಿ ಕೇಳಿದ: "ರಿಪೇರಿಗೆ ಹಿಂಗ ತರಬೇಕೇನ್ರಿ?"

"ಹೂನ್ರಿ. ನಿಮ್ಮನ್ಯಾಗ ಎತ್ತ ಅದಾವಿಲ್ಲೋ? ಇಲ್ಲಂದ್ರ ಮೊದಲ ಎತ್ತ ತೊಗೋರಿ, ಆಮ್ಯಾಲೆ ಟ್ರ್ಯಾಕ್ಟರ್," ಎಂದರು ಚನ್ನಬಸಪ್ಪ.

ಆ ರೈತ ಕೈ ಹಿಂದಕ್ಕೆಳೆದುಕೊಂಡ. ಕಂಪನಿ ಸಾಹೇಬರು ಸಾವ್ಕಾರನನ್ನು ಪಕ್ಕಕ್ಕೆ ಕರೆದರು. ಹೊಳ್ಳಿ ಬಂದಾಗ ಅವನ ಮುಖ ನೋಡಬೇಕಿತ್ತು! ಹಬ್ಬದ ಅಂಗಿಯಲ್ಲೇ ಮೆಕ್ಯಾನಿಕರೆಲ್ಲ ಕೆಲಸಕ್ಕೆ ಇಳಿದೆವು. ಚನ್ನಬಸಪ್ಪನವರ ಕ್ಲಚ್ ನಾನೇ ಕೂರಿಸಿದೆ. ಸಂಜೆ ಅವರು ಗಾಡಿ ಓಡಿಸಿಕೊಂಡೇ ಹೋದರು. ಕಡಲೆ ಬಿತ್ತಿದರು, ಬೆಳೆದರು.

ಸಾವ್ಕಾರ ನನ್ನನ್ನು ಕರೆದ. "ಇದು ನಿನ್ನ ತಲೀನ?"

"ಹೌದ್ರಿ. ಛಲೋ ಆತಲ್ರಿ?"

ಅಂದೇ ನೌಕರಿ ಹೋಯಿತು. ಆದರೆ ನನ್ನ ಸೇಡು ಮುಗಿದಿರಲಿಲ್ಲ. ಬೈಕಿಗೆ ಪಾನಾಪೆಟ್ಟಿಗೆ ಕಟ್ಟಿ ಹಳ್ಳಿ ಹಳ್ಳಿ ತಿರುಗಿದೆ. ಅವನು ನನಗೆ ಬಿಡಿಭಾಗ ಮಾರಲಿಲ್ಲ. ರೈತರೇ ಕೊಂಡು ತಂದು ಕೊಟ್ಟರು. ಎಲ್ಲರಿಗಿಂತ ಮೊದಲು ತಂದವರು ಚನ್ನಬಸಪ್ಪ; ಆ ಒಡನಾಟವೇ ಮುಂದೆ ಬೀಗತನವಾಯಿತು. ಅವನ ವರ್ಕ್‌ಶಾಪ್ ಬಣಗುಟ್ಟುವವರೆಗೆ ನಾನು ಬಿಡಲಿಲ್ಲ. ಕೊನೆಗೆ ಅವನೂ ಹೊಲಕ್ಕೆ ಮೆಕ್ಯಾನಿಕರನ್ನು ಕಳಿಸಲೇಬೇಕಾಯಿತು. ಅವತ್ತು ಕುಡಿದ ಚಹಾದ ರುಚಿ ಇನ್ನೂ ನಾಲಿಗೆ ಮೇಲಿದೆ. ಅಂಗಡಿ ಒಂದೇ ಉಳಿದರೆ ರೈತ ಗಿರಾಕಿಯಲ್ಲ, ಬೇಡುವವ. ಅವನಿಗೆ ಹೋಗಲು ಇನ್ನೊಂದು ಬಾಗಿಲು ಇರಲೇಬೇಕು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ.

ಈ ಸಂಜೆ ಆಸ್ಪತ್ರೆಯ ಕೋಣೆಯಲ್ಲೇ ರೊಟ್ಟಿಯ ಗಂಟು ಬಿಚ್ಚಿದೆವು. ಸೊಸೆ, ಕೂಸು ಮಂಚದ ಮೇಲೆ; ನಾವೆಲ್ಲ ಸುತ್ತ.

ಮಗ ಕೇಳಿದ, "ಅಪ್ಪಾ, ಹಳೇ ಸಾವ್ಕಾರ್ರಿಗೂ ಒಂದ ಡಬ್ಬಿ ಪೇಡಾ ಕಳಸೂಣೇನು?"

ನಾನು ಬಾಯಿ ತೆರೆಯುವ ಮೊದಲೇ ಬೀಗರು ಬದನೆಕಾಯಿ ಪಲ್ಯ ನೀಡುತ್ತ ಅಂದರು: "ಕಳಸ್ರಿ, ಕಳಸ್ರಿ. ಡಬ್ಬಿ ಎಳಿಯಾಕ ನನ್ನ ಎತ್ತ ಕೊಡ್ತೇನಿ."

ಸೊಸೆ ಹೊಟ್ಟೆ ಹಿಡಿದುಕೊಂಡು, "ನಗಸಬ್ಯಾಡ್ರೀ ಅಪ್ಪಾ, ಹೊಲಿಗಿ ಅದಾವು!" ಎಂದು ನಗುತ್ತಲೇ ಅತ್ತಳು. ಪೇಡಾ ಕಳಿಸಲಿಲ್ಲ. ಎಲ್ಲರೂ ಇನ್ನೊಂದೊಂದು ರೊಟ್ಟಿ ಹಾಕಿಸಿಕೊಂಡೆವು.