ನಿಪ್ಪಟ್ಟಿನ ಸದ್ದು

ಅಪ್ಪನಿಗೆ ಸ್ಟೆಂಟ್ ಹಾಕಿಸಿದ ಮೇಲೆ ಗಂಗಾನಗರದ ನಮ್ಮ ಮನೆಗೆ ರಕ್ತ ತೆಗೆಯಲು ಬರುತ್ತಿದ್ದ ಲ್ಯಾಬಿನವರು ಕೆಲಸ ಮುಗಿದರೂ ಏಳುತ್ತಿರಲಿಲ್ಲ. "ಬರಿಹೊಟ್ಟೇಲಿದೀರ ಸರ್. ಏನಾದ್ರೂ ತಿನ್ನಿ, ನೋಡ್ಕೊಂಡೇ ಹೋಗ್ತೀನಿ" ಎನ್ನುವರು.

ಒಮ್ಮೆ ವರದಿಯಲ್ಲಿ ಉರಿಯೂತ ಹೆಚ್ಚಿತ್ತು. ಸ್ಟೆಂಟಿಗೇ ಏನೋ ಆಯಿತೆಂದು ಕಂಗಾಲಾದೆವು. ಮರುಪರೀಕ್ಷೆಗೆ ಬಂದ ಲ್ಯಾಬಿನವರು, ಅಪ್ಪ ನಿಪ್ಪಟ್ಟನ್ನು ಕಾಫಿಯಲ್ಲಿ ನೆನೆಸುವುದನ್ನೇ ನೋಡುತ್ತ ಕೇಳಿದರು: "ಹಲ್ಲು ನೋವಾ ಸರ್?"

"ಹೂಂ. ಹೇಳಿದ್ರೆ ಕೀಳ್ತಾರೆ, ರಕ್ತ ತೆಳು ಮಾಡೋ ಈ ಸ್ಟೆಂಟಿನ ಮಾತ್ರೇಲಿ ರಕ್ತ ನಿಲ್ಲಲ್ಲ ಅಂತ ಸುಮ್ನಿದ್ದೆ," ಎಂದರು ಅಪ್ಪ.

"ಒಸಡಲ್ಲಿ ಕೀವಿದ್ರೂ ರಿಪೋರ್ಟ್ ಹಿಂಗೇ ಬರುತ್ತೆ. ಮೊದ್ಲು ಡಾಕ್ಟ್ರಿಗೆ ಹೇಳಿ."

ಮಾತ್ರೆ ನಿಲ್ಲಿಸದೆಯೇ ಹಲ್ಲಿನ ಚಿಕಿತ್ಸೆಯಾಯಿತು. ಮುಂದಿನ ಸಲ ಅವರು ರಕ್ತ ತೆಗೆದು ಕೂತರು. ಅಪ್ಪ ನಿಪ್ಪಟ್ಟನ್ನು ಕಟಕ್ಕನೆ ಕಡಿದ ಸದ್ದು ಕೇಳಿ, ಬ್ಯಾಗು ಹೆಗಲಿಗೇರಿಸಿ ಎದ್ದರು. ಉರಿಯೂತ ಇಳಿದ ವರದಿ ಬಂದದ್ದು ಸಂಜೆ. ನಮ್ಮ ಎದೆ ಹಗುರಾದದ್ದು ಆ ಸದ್ದಿಗೇ.