ಪಾಲು ಮಾಡುವಾಗ ಡಿಗ್ರಿಗೆ ಕಟ್ಟಿದ ಬೆಲೆ

ನನ್ನ ಇಬ್ಬರು ಗಂಡುಮಕ್ಕಳು ಬೇರೆಯಾದ ದಿನ ಮನೆಯಲ್ಲಿದ್ದದ್ದಕ್ಕೆಲ್ಲ ಬೆಲೆ ಕಟ್ಟಿದರು. ಎತ್ತಿಗೆ ಕಟ್ಟಿದರು, ಬಾವಿಯ ಮೋಟರಿಗೆ ಕಟ್ಟಿದರು, ತಾಮ್ರದ ಹಂಡೆಗೂ ಕಟ್ಟಿದರು. ಅದೆಲ್ಲ ಊಟದ ಹೊತ್ತಿಗೆ ಮುಗಿಯಿತು. ಸಣ್ಣವನ ಇಂಜಿನಿಯರಿಂಗ್ ಡಿಗ್ರಿಗೆ ಬೆಲೆ ಕಟ್ಟಲು ಕುಳಿತವರು ಮಾತ್ರ ಸಂಜೆಯಾದರೂ ಏಳಲಿಲ್ಲ.

ಓದಿಗೆ ಯಾಕೆ ಬೆಲೆ ಎಂದು ಈಗಿನವರು ಕೇಳಬಹುದು. ಕೂಡಿದ ಮನೆಯ ದುಡ್ಡಿನಲ್ಲಿ ಒಬ್ಬನೇ ಓದಿ ನೌಕರಿ ಹಿಡಿದರೆ, ಪಾಲಿನ ದಿನ ಆ ಖರ್ಚನ್ನು ಅವನ ಹೊಲದಲ್ಲಿ ಮುರಿದುಕೊಳ್ಳಬೇಕು ಎಂದು ನಮ್ಮ ಕಡೆ ಹಿರಿಯರು ಹೇಳುತ್ತಿದ್ದರು. ಎಷ್ಟು ಮುರಿಯಬೇಕು ಎಂಬಲ್ಲಿ ಜಗಳ ಬರುತ್ತಿತ್ತು.

ಅಥಣಿ ಕಡೆಯ ಅನಂತಪುರದ ಹತ್ತಿರ ನಮ್ಮದು ನಾಲ್ಕು ಎಕರೆ ಕಬ್ಬು, ಎರಡು ಎಕರೆ ದ್ರಾಕ್ಷಿ ಪಡ, ಅಂದರೆ ತೋಟ. ಕಬ್ಬಿನಲ್ಲಿ ಇಬ್ಬರಿಗೂ ಸಮ ಎಂದು ಬೇಗ ಒಪ್ಪಿದರು. ದ್ರಾಕ್ಷಿ ಪಡವನ್ನು ಮಾತ್ರ ದೊಡ್ಡವನು ಪೂರ್ತಿ ತನಗೇ ಬೇಕು ಅಂದ. ಯಾಕೆ ಎಂದು ಕೇಳಿದರೆ ಬಾಯಿ ಬಿಡಲಿಲ್ಲ.

ಯಾಕೆ ಎಂಬುದು ನನಗೆ ಗೊತ್ತಿತ್ತು. ಎಂಬತ್ತರ ದಶಕದ ಮೊದಲಲ್ಲಿ ಬಳ್ಳಿ ಹಚ್ಚಿದ ಮರುವರ್ಷವೇ ನನ್ನ ಗಂಡ ಕಬ್ಬಿನ ಗಾಡಿಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡರು. ದೊಡ್ಡವನು ಆಗಷ್ಟೇ ಹತ್ತನೇತ್ತೆ ಪಾಸಾಗಿದ್ದ. ಅಥಣಿಗೆ ಕಾಲೇಜಿಗೆ ಹೋಗುತ್ತೇನೆ ಅಂದ. ಬೇಡ ಅಂದವಳು ನಾನು.

"ನೀ ಹ್ವಾದ್ರ ಚಾಟ್ಣಿ ಯಾರ್ ಮಾಡ್ತಾರ?" ಅಂದೆ. ಚಾಟ್ಣಿ ಎಂದರೆ ಬಳ್ಳಿ ಸವರುವುದು. ಅದು ಹೊತ್ತಿಗೆ ಸರಿಯಾಗಿ ಆಗದಿದ್ದರೆ ಆ ವರ್ಷ ಹಣ್ಣಿಲ್ಲ. ಅವನು ಎರಡು ದಿನ ಉಣ್ಣಲಿಲ್ಲ. ಮೂರನೆಯ ದಿನ ಕತ್ತರಿ ಹಿಡಿದು ಪಡಕ್ಕೆ ಹೋದ. ನಾನು ಸಮಾಧಾನ ಮಾಡಲಿಲ್ಲ. ಮನೆಯಲ್ಲಿ ಮಲಗಿದ ಗಂಡ ಇದ್ದರು, ಹಿಂಡುವ ಎಮ್ಮೆ ಇತ್ತು.

ಸಣ್ಣವನು ಪಿಯುಸಿ ಮುಗಿಸುವ ಹೊತ್ತಿಗೆ ದ್ರಾಕ್ಷಿ ಕೈಗೆ ಹತ್ತಿತ್ತು. ಕೋಲು ಹಿಡಿದು ಓಡಾಡುವಂತಾಗಿದ್ದ ನನ್ನ ಗಂಡನಿಗೆ ಮನೆಯಲ್ಲೊಬ್ಬ ಇಂಜಿನಿಯರ್ ಇರಬೇಕು ಅನ್ನಿಸಿತು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಹೊಸದಾಗಿ ತೆಗೆದ ಕಾಲೇಜು, ನಲವತ್ತು ಸಾವಿರ ಡೊನೇಶನ್. ಎರಡು ವರ್ಷದ ಒಣದ್ರಾಕ್ಷಿ ಮಾರಿದ ದುಡ್ಡು ಹೋಯಿತು, ನನ್ನ ಕೈಯ ಬಂಗಾರದ ಪಾಟ್ಲಿ ಹೋದವು. ಸೀಟು ಕೊಡಿಸಿರಿ ಎಂದು ಸಣ್ಣವನು ಕೇಳಿರಲೇ ಇಲ್ಲ. ಅವನಿಗೆ ಸಾಲಿ ಮಾಸ್ತರನಾಗುವ ಮನಸ್ಸಿತ್ತು. ನಾಲ್ಕು ವರ್ಷದ ಓದಿಗೆ ಐದು ವರ್ಷ ಹಿಡಿಸಿದ. ಆ ಐದೂ ವರ್ಷ ತಿಂಗಳಿಗೊಮ್ಮೆ ಅಂಚೆ ಆಫೀಸಿಗೆ ಹೋಗಿ ತಮ್ಮನಿಗೆ ಮನಿಆರ್ಡರ್ ಮಾಡಿದವನು ದೊಡ್ಡವನು.

ಓದು ಮುಗಿದು ಸಣ್ಣವನು ರಾಯಬಾಗದ ಕಡೆ ಒಂದು ಸಕ್ಕರೆ ಕಾರ್ಖಾನೆ ಸೇರಿದ. ಎರಡು ವರ್ಷ ಟ್ರೇನಿ ಎಂದು ಬಸ್ ಖರ್ಚಿಗಾಗುವಷ್ಟು ಕೊಟ್ಟರು, ಆಮೇಲೆ ಕಾಯಂ ಮಾಡಿಕೊಂಡರು. ಇಬ್ಬರದೂ ಮದುವೆಯಾಯಿತು. ನನ್ನ ಗಂಡ ತೀರಿಕೊಂಡರು. ಅದಾಗಿ ಎರಡು ವರ್ಷಕ್ಕೆ ಈ ಪಾಲಿನ ಮಾತು ಎದ್ದಿತು.

ಹಿರಿಯನಾಗಿ ಮಂಗಸೂಳಿಯಿಂದ ನನ್ನ ತಮ್ಮ ಬಂದಿದ್ದ. ವಾಟ್ಣಿ ಎಂದು ಕರೆಯುವ ಪಾಲಿನ ಕಾಗದ ಬರೆಯಲು ಊರಿನ ಮುದುಕ ಮಾಸ್ತರರು. ಮಕ್ಕಳಿಬ್ಬರೂ ಕಂಬಕ್ಕೊಬ್ಬರು ಒರಗಿ ಕುಳಿತಿದ್ದರು. ನಾನು ಅಡುಗೆಮನೆಯ ಹೊಸ್ತಿಲಲ್ಲಿ ಜೋಳ ಹಸನು ಮಾಡುತ್ತಿದ್ದೆ.

"ಮೊದ್ಲ ಡಿಗ್ರಿ ಏನ್ ದುಡೀತೈತಿ ಹೇಳೋ," ಅಂದ ನನ್ನ ತಮ್ಮ.

ಸಣ್ಣವನು ಕಿಸೆಯಿಂದ ಪಗಾರದ ಚೀಟಿ ತೆಗೆದು ಮುಂದಿಟ್ಟ. ನನ್ನ ತಮ್ಮ ಅದನ್ನು ಎರಡು ಸಲ ಓದಿದ.

"ಇಷ್ಟ ಏನೋ?"

"ಕಟ್ ಆಗಿ ಬರತೈತಿ ಮಾಮಾ."

"ಕಟ್ ಆಗಲಾರದ ಎಷ್ಟ?"

"ಅದೂ ಅಷ್ಟಕ್ಕಷ್ಟ."

ಮಾಸ್ತರರು ಕೆಮ್ಮಿದಂತೆ ಮಾಡಿ ನಕ್ಕರು. ನನ್ನ ತಮ್ಮ ಚೀಟಿಯನ್ನು ಹಿಂದಕ್ಕೆ ಕೊಟ್ಟ. "ಎರಡ ಎಕರೆ ಪಡ ಒಂದ್ ವರ್ಷಕ್ಕ ಕೊಡೂದನ್ನ ಗಳಸಾಕ ಇವ ಮೂರ್ ವರ್ಷ ದುಡೀಬೇಕು."

ದೊಡ್ಡವನು ತಲೆ ಎತ್ತಿದ. "ಬರೇ ಚಲೋ ವರ್ಷದ್ದ ಹೇಳಬ್ಯಾಡ್ರಿ ಮಾಮಾ. ಹ್ವಾದ ವರ್ಷ ಬಳ್ಳಿಗೆ ದಾವಣಿ ರೋಗ ಬಿದ್ದು ಔಷಧದ ರೊಕ್ಕಾನೂ ಹುಟ್ಟಲಿಲ್ಲ. ಪಗಾರಕ್ಕ ರೋಗ ಬೀಳೂದಿಲ್ಲ."

"ಬೀಳತೈತಿ ಅಣ್ಣ," ಅಂದ ಸಣ್ಣವನು. "ಮೂರ್ ತಿಂಗಳಾತು, ಪಗಾರ ಆಗಿಲ್ಲ. ಅದು ಹಳೇ ಚೀಟಿ."

ಪಾಲಿಗೆ ಕುಳಿತವರು ಹೀಗೆ ಒಬ್ಬರ ಕಷ್ಟ ಒಬ್ಬರು ಹೇಳಿಕೊಂಡರೆ ಪಾಲು ಮುಗಿಯುವುದು ಯಾವಾಗ? ಒಳಗಿಂದ ದೊಡ್ಡ ಸೊಸೆಗೆ ತಡೆಯಲಾಗಲಿಲ್ಲ. "ಸಾಹೇಬ್ರು ಹಬ್ಬಕ್ಕ ಬಂದ್ರ ಪ್ಯಾಂಟಿಗೆ ಮಣ್ಣ ಹತ್ತತೈತಂತ ಪಡದ ಕಡೆ ಹಾಯೂದಿಲ್ಲ," ಅಂದಳು. "ನೀ ರೊಟ್ಟಿ ಕಡೆ ನೋಡ, ಹೊತ್ತಾಕತ್ತಾವು," ಅಂದೆ. ಆಕೆಯ ಮಾತು ಸುಳ್ಳಾಗಿರಲಿಲ್ಲ. ಆದರೆ ಸಣ್ಣವನ ಕಿವಿ ಕೆಂಪಾದದ್ದು ನನಗೆ ನೋಡಲಾಗಲಿಲ್ಲ.

ನನ್ನ ತಮ್ಮ ಲೆಕ್ಕ ಹಾಕಿದ. ಡೊನೇಶನ್, ಹಾಸ್ಟೆಲ್, ಫೇಲಾದ ವರ್ಷದ್ದು ಎಲ್ಲ ಕೂಡಿಸಿ, ಇಷ್ಟಕ್ಕೆ ಸಣ್ಣವನ ಪಾಲಿನ ಪಡದಲ್ಲಿ ಅರ್ಧ ಎಕರೆ ಮುರಿಯಿರಿ ಅಂದ. ದೊಡ್ಡವನಿಗೆ ಒಂದೂವರೆ, ಸಣ್ಣವನಿಗೆ ಅರ್ಧ. ದೊಡ್ಡವನು ಎದ್ದು ಹೊರಗೆ ಹೋಗಲು ಚಪ್ಪಲಿ ಹುಡುಕಿದ. ಈಗ ಹೋದರೆ ಇವನು ತಿರುಗಿ ತಮ್ಮನ ಜೊತೆ ಕೂಡುವುದಿಲ್ಲ ಎಂದು ನನಗೆ ಅನ್ನಿಸಿತು.

ಜೋಳದ ಮೊರ ಕೆಳಗಿಟ್ಟೆ. "ಲೆಕ್ಕಾ ಪೂರಾ ಆಗಿಲ್ಲ," ಅಂದೆ. "ಓದಿದವಗ ಎಷ್ಟ ಹಾಕಿದ್ರಿ ಅನ್ನೂದನ್ನ ಬರದೀರಿ. ಹಾಕಿದವ ಯಾರ? ಹದಿಮೂರ್ ವರ್ಷ ಪಡಕ್ಕ ಒಬ್ಬ ಆಳ ಇಟ್ಟಿದ್ರ ಎಷ್ಟ ಕೊಡಬೇಕಾಗ್ತಿತ್ತು? ಅದನ್ನ ಬರೀರಿ."

"ಮನಿ ಮಗಗ ಯಾರಾದ್ರೂ ಆಳಿನ ಪಗಾರ ಹಿಡೀತಾರೇನ ಅಕ್ಕಾ?" ಅಂದ ನನ್ನ ತಮ್ಮ.

"ಮನಿ ಮಗನ ಓದಿಗೆ ರೇಟ್ ಹಿಡ್ಯಾಕತ್ತೀಯಲ್ಲ, ಇದಕ್ಯಾಕ ಬ್ಯಾಡ?"

ಮಾಸ್ತರರು ಪೆನ್ನಿನ ಹಿಂಭಾಗದಿಂದ ಕಿವಿ ಕೆರೆದುಕೊಳ್ಳುತ್ತ, ವರ್ಷದ ಆಳಿನ ಕೂಲಿಯನ್ನು ವರ್ಷ ವರ್ಷಕ್ಕೂ ನೆನಪು ಮಾಡಿಕೊಂಡು ಕೂಡಿಸಿದರು. ಊಟ, ಬಟ್ಟೆ ಕಳೆದರು. ಆದರೂ ಅರ್ಧ ಎಕರೆಯ ಬೆಲೆಗಿಂತ ಹೆಚ್ಚೇ ಉಳಿಯಿತು.

ಅವರು ಮುಂದೆ ಏನೂ ಹೇಳುವ ಮೊದಲೇ ಸಣ್ಣವನು ಅಂದ: "ಪಡ ಪೂರ್ತಿ ಅಣ್ಣಗ ಬರೀರಿ. ನಂಗ ಚಾಟ್ಣಿ ಕತ್ತರಿ ಹಿಡ್ಯಾಕೂ ಬರೂದಿಲ್ಲ."

ಹೇಳಿ ಅವನು ಹಗುರಾದಂತೆ ಕಂಡ. ದೊಡ್ಡವನ ಮುಖ ಮಾತ್ರ ಬಿಚ್ಚಲಿಲ್ಲ. ಕೇಳಿದ್ದು ಸಿಕ್ಕಿತಲ್ಲ, ಇನ್ನೇನು ಬೇಕು ಇವನಿಗೆ ಎಂದು ನನಗೆ ಸಿಟ್ಟೂ ಬಂತು.

ಮಾಸ್ತರರು ಓದುತ್ತ ಬರೆದರು. ತಮ್ಮನ ಇಂಜಿನಿಯರಿಂಗ್ ಓದಿನ ಖರ್ಚಿಗೆ ಬದಲಾಗಿ ದ್ರಾಕ್ಷಿ ಪಡ ಎರಡು ಎಕರೆ ಅಣ್ಣನಿಗೆ, ಎಂದರು.

"ಆ ಮಾತ ಹೊಡದ ಹಾಕ್ರಿ ಮಾಸ್ತರ," ಅಂದ ದೊಡ್ಡವನು. "ಅವ ಓದಿದ್ದು ಅವಂದು. ಐದ್ ವರ್ಷ ನಿದ್ದಿಗೆಟ್ಟಾನ."

"ಮತ್ತ ಯಾತಕ್ಕ ಕೊಟ್ರು ಅಂತ ಬರೀಲೋ?"

ದೊಡ್ಡವನು ನೆಲ ನೋಡಿದ. "ನಾ ಹತ್ತನೇತ್ತೆ ಪಾಸಾಗಿದ್ದೆ. ಮನಿ ಸಲುವಾಗಿ ಸಾಲಿ ಬಿಡಿಸಿದ್ರು. ಹಂಗಂತ ಬರೀರಿ."

ನನ್ನ ತಮ್ಮ ನಕ್ಕ. "ವಾಟ್ಣಿ ಕಾಗದದಾಗ ಇದನ್ನ ಯಾರ್ ಬರೀತಾರಲೇ? ಕಚೇರಿಯಾಗ ನಗ್ತಾರ."

"ನಗಲಿ."

"ಬರೀರಿ ಮಾಸ್ತರ," ಅಂದೆ. "ಬಿಡಿಸಿದಾಕಿ ನಾನು. ಅದನ್ನೂ ಬರೀರಿ."

ಮಾಸ್ತರರು ಬರೆದರು. ಬರೆದು, ಜೀವಮಾನದ ರೂಢಿಯಲ್ಲಿ ಕೇಳಿದರು, "ಪಾಸ್ ಅಂದ್ರ, ಎಷ್ಟ ಮಾರ್ಕ್ಸ್ ಬಿದ್ದಿದ್ವು?"

"ಆರ್ನೂರಕ್ಕ ನಾನೂರಾ ಹನ್ನೊಂದರಿ," ಅಂದ. ಒಂದು ಗಳಿಗೆಯೂ ಯೋಚಿಸಲಿಲ್ಲ. ಮೊನ್ನೆ ಫಲಿತಾಂಶ ಬಂದವನ ಹಾಗೆ ಹೇಳಿದ.

ಆ ಅಂಕ ನನಗೆ ಗೊತ್ತಾದದ್ದು ಅವತ್ತೇ. ಹದಿಮೂರು ವರ್ಷ ಒಂದೇ ಮನೆಯಲ್ಲಿದ್ದೆವು. ನಾನು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ.

ಮಾಸ್ತರರು ಎಕರೆ, ಗುಂಟೆ ಬರೆದ ಹಾಗೆಯೇ ಅದನ್ನೂ ಮೊದಲು ಅಂಕಿಯಲ್ಲಿ, ಆಮೇಲೆ ಅಕ್ಷರದಲ್ಲಿ ಬರೆದರು. ಕಾಗದ ತಿರುಗಿಸಿ ಕೊಟ್ಟಾಗ ದೊಡ್ಡವನು ಬೆರಳಿಟ್ಟು ಆ ಸಾಲು ಓದಿದ. ಸರಿ ಐತಿ ಅಂದ. ಕೆಳಗೆ ಮೊದಲು ಸಣ್ಣವನು, ಅವನ ಹಿಂದೆ ದೊಡ್ಡವನು ಸಹಿ ಮಾಡಿದರು, ಆಮೇಲೆ ನಾನು ಒಂದೊಂದೇ ಅಕ್ಷರ ಕೂಡಿಸಿ ನನ್ನ ಹೆಸರು ಬರೆದೆ.